ಸೂಚಕರು, ಅನುಮೋದಕರು ಮತ್ತು ಚಪ್ಪಾಳೆ

ನಮ್ಮ ಕಡೆಯ ಪೇಪರಿನ ಒಳಪುಟಗಳನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಉಡುಪಿ, ಕಾಪು, ಕಾರ್ಕಳ, ಯಾವ ಊರಿನ ಸುದ್ದಿಯಾದರೂ ಆಗಲಿ, ಅಂಚೆಚೀಟಿಯಷ್ಟು ದೊಡ್ಡ ಒಂದು ಫೋಟೋ, ಅದರ ಕೆಳಗೆ ‘ಅವಿರೋಧ ಆಯ್ಕೆ’. ಭಜನಾ ಮಂಡಳಿ, ಯುವಕ ಮಂಡಲ, ಹಾಲಿನ ಸೊಸೈಟಿ, ಶಾಲೆಯ ಹಳೆ ವಿದ್ಯಾರ್ಥಿ ಸಂಘ, ಎಲ್ಲಿಯೂ ಯಾರಿಗೂ ಯಾರ ಮೇಲೂ ವಿರೋಧವಿಲ್ಲ. ಹೊರಗಿನವರು ಓದಿದರೆ ಇದೇನು ಸ್ವರ್ಗವೋ ಎಂದುಕೊಂಡಾರು. ನಾವೂ ಹಾಗೆಯೇ ಹೇಳಿಕೊಳ್ಳುತ್ತೇವೆ. ‘ನಮ್ಮಲ್ಲಿ ಎಲೆಕ್ಷನ್, ಗಲಾಟೆ ಎಲ್ಲ ಇಲ್ಲ. ಎಲ್ಲ ಅನ್ಯೋನ್ಯ’ ಎಂದು. ಎಲೆಕ್ಷನ್ ಎಂದರೆ ನಮಗೆ ಗಲಾಟೆ. ಕೈ ಎತ್ತಿ ‘ಬೇಡ’ ಎಂದವನು ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಬಿಟ್ಟು ಎದ್ದವನಿದ್ದ ಹಾಗೆ.

ನಾನು ಹುಟ್ಟಿದ್ದು ಕಾಪುವಿನ ಕಡಲ ಬದಿಯಲ್ಲಿ, ಮೀನುಗಾರರ ಮನೆಯಲ್ಲಿ. ಅಲ್ಲಿ ಈ ಅನ್ಯೋನ್ಯ ಇರಲಿಲ್ಲ. ಊರಿಡೀ ಸೇರಿ ಎಳೆದ ರಂಪಣಿ ಬಲೆ ದಡ ಮುಟ್ಟಿ, ಮೀನಿನ ಪಾಲು ಹಾಕುವ ಹೊತ್ತಿಗೆ ಏಳುತ್ತಿದ್ದ ಬೊಬ್ಬೆ ನಮ್ಮ ಅಂಗಳದ ತನಕ ಕೇಳುತ್ತಿತ್ತು. ಹಗ್ಗ ಹಿಡಿದ ಪ್ರತಿಯೊಬ್ಬನಿಗೂ ಬಾಯಿ ಇತ್ತು. ಬೈದುಕೊಂಡು, ಮರಳು ಒದ್ದು, ಕೊನೆಗೆ ಎಲ್ಲರೂ ತಮ್ಮ ತಮ್ಮ ಪಾಲು ಹೊತ್ತು ಜೊತೆಯಲ್ಲೇ ಮನೆಗೆ ಬರುತ್ತಿದ್ದರು. ಆ ಬೊಬ್ಬೆ ಈಗ ಎಲ್ಲಿಯೂ ಕೇಳುವುದಿಲ್ಲ. ಕಡಲ ಶಬ್ದಕ್ಕಿಂತ ಹೆಚ್ಚಾಗಿ ನಾನು ಮಿಸ್ ಮಾಡುವುದು ಅದನ್ನೇ.

ಆಮೇಲೆ ನನ್ನನ್ನು ಕಾರ್ಕಳದ ಕಾನ್ವೆಂಟಿಗೆ ಹಾಕಿದರು. ಬೋರ್ಡಿಂಗ್. ಅಲ್ಲಿ ಪಿನ್ ಡ್ರಾಪ್ ಸೈಲೆನ್ಸ್. ಆದರೆ ಸಿವಿಕ್ಸ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ಮಾತ್ರ ವಿಚಿತ್ರ. ಕ್ಲಾಸ್ ಲೀಡರನ್ನು ತಾವು ಹೆಸರಿಸುವ ಬದಲು ನಮ್ಮಿಂದ ಓಟು ಹಾಕಿಸುತ್ತಿದ್ದರು. ಸೋತ ಹುಡುಗಿಗೆ ಓಟು ಹಾಕಿದವರು ಧೈರ್ಯವಾಗಿ ಹೇಳಿಕೊಳ್ಳಬೇಕು ಎನ್ನುತ್ತಿದ್ದರು. “ಗರ್ಲ್ಸ್, ಟು ಡಿಫರ್ ಈಸ್ ನಾಟ್ ಬ್ಯಾಡ್ ಮ್ಯಾನರ್ಸ್.” ಸ್ಟಾರ್ಚ್ ಹಾಕಿದ ಬಿಳಿ ಬಟ್ಟೆಯೊಳಗಿಂದ ಅಂಥ ಮಾತು! ಆ ಕಾರಿಡಾರಿನ ಕೆಂಪು ನೆಲದ ತಂಪು ಈಗಲೂ ನನ್ನ ಅಂಗಾಲಿಗೆ ನೆನಪಿದೆ.

ಮುಂದೆ ನಾನು ಜೀವಮಾನವಿಡೀ ಕಲಿಸಿದ್ದು ಪೊಲಿಟಿಕಲ್ ಸೈನ್ಸ್. ನೂರಾರು ವರ್ಷಗಳ ಹಿಂದೆ, ಬಲ್ಬು, ಫ್ಯಾನು, ಫೋನು ಏನೂ ಇಲ್ಲದ ಕಾಲದಲ್ಲಿ ಬರೆದಿಟ್ಟ ಪುಸ್ತಕಗಳು. ಆಳುವವನು ಹೇಗೆ ಆಳುತ್ತಾನೆ, ಜನ ಯಾಕೆ ಆಳಿಸಿಕೊಳ್ಳುತ್ತಾರೆ ಎಂದು ತಲೆ ಕೆಡಿಸಿಕೊಂಡವರು ಬರೆದವು. ಪರೀಕ್ಷೆ ಬಂದಾಗ ಮಕ್ಕಳು “ಮ್ಯಾಮ್, ಇದೆಲ್ಲ ಈಗ ಎಂತಕ್ಕೆ?” ಎಂದು ಕೇಳುತ್ತಿದ್ದರು. ನಾನು ದೊಡ್ಡ ದೊಡ್ಡ ಉದಾಹರಣೆ ಕೊಡುತ್ತಿದ್ದೆ. ದೆಹಲಿ, ವಾಷಿಂಗ್ಟನ್, ಮಾಸ್ಕೋ. ಉದಾಹರಣೆ ಹುಡುಕಿಕೊಂಡು ಅಷ್ಟು ದೂರ ಹೋಗಬೇಕಾಗಿರಲಿಲ್ಲ.

ರಿಟೈರ್ ಆದ ಮೇಲೆ ಉಡುಪಿಯಿಂದ ಮಣಿಪಾಲಕ್ಕೆ ಏರುವ ರಸ್ತೆಯ ಬದಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ಫ್ಲಾಟು ತೆಗೆದುಕೊಂಡೆ. ಅಲ್ಲಿಯೇ ವಾಸವಿರುವ ನಾವು ಕೆಲವು ಹೆಂಗಸರು ಬುಧವಾರ ಮಧ್ಯಾಹ್ನ ಒಟ್ಟು ಸೇರಿ ಓದುತ್ತೇವೆ. ರೀಡಿಂಗ್ ಸರ್ಕಲ್ ಎಂದು ನಾವೇ ಹೆಸರಿಟ್ಟುಕೊಂಡದ್ದು. ಕಾರ್ಕಳದವಳೊಬ್ಬಳು, ಬ್ಯಾಂಕಿನಲ್ಲಿ ಆಫೀಸರ್ ಆಗಿದ್ದವಳು. ನೀಟಾಗಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಸ್ಕೇಲಿಟ್ಟು ಪೆನ್ಸಿಲಿನಲ್ಲಿ ಅಂಡರ್‌ಲೈನ್ ಮಾಡುತ್ತಾಳೆ. ಶಿರ್ವದವಳೊಬ್ಬಳು, ಗಂಡನ ಜೊತೆ ಬಹಳ ವರ್ಷ ಕುವೈತಿನಲ್ಲಿದ್ದವಳು. ಪುಸ್ತಕ ಓದುವುದಕ್ಕಿಂತ ಹೆಚ್ಚು ಅದರೊಡನೆ ಜಗಳ ಮಾಡುತ್ತಾಳೆ. ಇನ್ನು ಇಬ್ಬರು ಮೂವರು ಬರುತ್ತಾರೆ, ಹೋಗುತ್ತಾರೆ. ಓದುವುದು ನನ್ನ ಹಳೆಯ ಸಿಲೆಬಸ್ಸಿನ ಪುಸ್ತಕಗಳನ್ನೇ. ಅವರೇ ಕೇಳಿದ್ದು. “ಪೇಪರ್ ಓದಿದರೆ ಬಿ.ಪಿ. ಏರುತ್ತದೆ, ಹಳೆಯದನ್ನಾದರೂ ಓದುವ” ಎಂದು.

ಆ ಬುಧವಾರ ನಾವು ಓದಿದ್ದು ಜನರ ಮೌನದ ಬಗ್ಗೆ. ಅಧಿಕಾರದಲ್ಲಿರುವವನಿಗೆ ನಮ್ಮ ಪ್ರೀತಿಯೂ ಬೇಡ, ಭಯವೂ ಬೇಡ, ನಾವು ಸುಮ್ಮನಿದ್ದರೆ ಸಾಕು, ಆ ಸುಮ್ಮನಿರುವುದನ್ನೇ ಅವನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಾನೆ ಎಂಬುದು ಅಂದಿನ ಪಾಠದ ಸಾರ. ಕಾರ್ಕಳದವಳು ಅಷ್ಟೂ ಪುಟಕ್ಕೆ ಅಂಡರ್‌ಲೈನ್ ಎಳೆದಳು.

“ಎಷ್ಟು ಕರೆಕ್ಟ್ ಅಲ್ವಾ?” ಎಂದಳು. “ನಮ್ಮ ಜನ ಕುರಿಗಳು. ಟಿ.ವಿ.ಯಲ್ಲಿ ನೋಡಿ, ಯಾರು ಎಂತ ಹೇಳಿದರೂ ಚಪ್ಪಾಳೆ.”

“ಕುರಿಯಾದರೆ ಬ್ಯಾ ಅಂತಾದರೂ ಹೇಳುತ್ತದೆ, ಮಾರಾಯ್ತಿ,” ಎಂದಳು ಶಿರ್ವದವಳು.

ನಾವೆಲ್ಲ ನಕ್ಕೆವು. ಟೀ ಕುಡಿದೆವು.

ನಮ್ಮ ಕಾಂಪೌಂಡಿಗೆ ಬೆಳಿಗ್ಗೆ ಮೀನು ತರುವ ಅಕ್ಕನೊಬ್ಬಳಿದ್ದಾಳೆ. ಕಾಪುವಿನವಳೇ. ಮಲ್ಪೆಯ ಬಂದರಿನಲ್ಲಿ ಮೀನು ಕೊಂಡು ಬಸ್ಸಿನಲ್ಲಿ ಬಂದು, ಪಾರ್ಕಿಂಗಿನ ಮೂಲೆಯ ನಲ್ಲಿಯ ಹತ್ತಿರ ಬುಟ್ಟಿ ಇಳಿಸುತ್ತಾಳೆ. ನಾವು ಪಾತ್ರೆ ಹಿಡಿದು ಕೆಳಗೆ ಇಳಿಯುತ್ತೇವೆ. ಅಕ್ಕಪಕ್ಕದ ಬಿಲ್ಡಿಂಗಿನವರೂ ಅಲ್ಲಿಗೇ ಬರುತ್ತಾರೆ, ಯಾಕೆಂದರೆ ಅವರ ಬಿಲ್ಡಿಂಗುಗಳಲ್ಲಿ ಅವಳಿಗೆ ಮೊದಲೇ ಗೇಟು ಹಾಕಿ ಆಗಿದೆ. ಅವಳು ಕೂತು ಕತ್ತರಿಸಿ, ತೊಳೆದು ಕೊಡುತ್ತಾಳೆ. ಹೋಗುವಾಗ ನೆಲಕ್ಕೆ ಪೌಡರ್ ಹಾಕಿ ಉಜ್ಜಿ ಹೋಗುತ್ತಾಳೆ. ಅವಳು ಸಂತಳೇನೂ ಅಲ್ಲ. ಐಸಿನಲ್ಲಿ ಎರಡು ದಿನ ಮಲಗಿದ ಬಂಗುಡೆಯನ್ನು “ಈಗ ಕಣ್ಣು ಬಿಟ್ಟದ್ದು ಟೀಚರೇ” ಎಂದು ನನಗೇ ಮಾರಲು ನೋಡಿದ್ದಾಳೆ. ನಾನು ಕಾಪುವಿನವಳು ಎಂದು ಗೊತ್ತಿದ್ದೂ! ಸಿಕ್ಕಿಬಿದ್ದರೆ ನಾಚಿಕೆಯೂ ಇಲ್ಲ. “ನಿಮಗೆ ಪರೀಕ್ಷೆ ಮಾಡಿದ್ದು” ಎಂದು ನಗುತ್ತಾಳೆ.

ಆ ಗುರುವಾರ ಅಸೋಸಿಯೇಶನ್ನಿನ ವಾಟ್ಸಾಪ್ ಗ್ರೂಪಿನಲ್ಲಿ ಸೆಕ್ರೆಟರಿಯವರ ಮೆಸೇಜು ಬಂತು. ಭಾನುವಾರದ ಜನರಲ್ ಬಾಡಿ ಮೀಟಿಂಗಿನಲ್ಲಿ ಒಂದು ಠರಾವು. ಶುಚಿತ್ವ ಮತ್ತು ಸೆಕ್ಯುರಿಟಿಯ ದೃಷ್ಟಿಯಿಂದ ಹೊರಗಿನ ಮಾರಾಟಗಾರರನ್ನು ಗೇಟಿನ ಒಳಗೆ ಬಿಡತಕ್ಕದ್ದಲ್ಲ. ಅದರ ಕೆಳಗೆ ಸಾಲಾಗಿ ಹೆಬ್ಬೆಟ್ಟು, ಕೈಮುಗಿದ ಚಿತ್ರ, ಹೂವು. ತರಕಾರಿಯವನು ಗೇಟಿನ ಹೊರಗೆ ಗಾಡಿ ನಿಲ್ಲಿಸುತ್ತಾನೆ, ಹೂವಿನವಳು ಬರುವುದು ನಿಲ್ಲಿಸಿ ಎಷ್ಟೋ ಸಮಯವಾಯಿತು. ಗೇಟಿನ ಒಳಗೆ ಬರುವ ಹೊರಗಿನ ಮಾರಾಟಗಾರ ಎಂದರೆ ಇವಳೊಬ್ಬಳೇ. ಅದನ್ನು ನೇರವಾಗಿ ಬರೆಯುವ ಧೈರ್ಯವಾದರೂ ಬೇಡವೇ? ಮತ್ತೆ, ಈ ಸೆಕ್ರೆಟರಿಯವರು ಮೀನು ತಿನ್ನದವರಲ್ಲ. ಭಾನುವಾರ ಅವರ ಅಡುಗೆಮನೆಯಿಂದ ಬರುವ ಅಂಜಲ್ ಫ್ರೈಯ ಪರಿಮಳ ನನ್ನ ಬಾಲ್ಕನಿಗೆ ಚೆನ್ನಾಗಿ ಗೊತ್ತು. ಆದರೆ ಅವರ ಮೀನು ಆ್ಯಪಿನಿಂದ ಬರುತ್ತದೆ. ಪ್ಯಾಕೆಟಿನೊಳಗಿನ ಮೀನು ಲಿಫ್ಟಿನಲ್ಲಿ ಮೇಲೆ ಹೋಗಬಹುದು, ಬುಟ್ಟಿಯ ಮೀನು ನಲ್ಲಿಯ ಹತ್ತಿರವೂ ಕೂರಬಾರದು! ವಾಸನೆ ಮೀನಿನದ್ದಲ್ಲ, ಬುಟ್ಟಿ ಹೊತ್ತವಳದ್ದು ಎಂದೇ ತಾನೆ ಇದರ ಅರ್ಥ?

ಮರುದಿನ ಬೆಳಿಗ್ಗೆ ಅವಳಿಗೆ ಹೇಳಿದೆ.

“ನೋಟಿಸಾ? ಯಾರಿಗೆ, ನನಗಾ, ಮೀನಿಗಾ?” ಎಂದು ನಕ್ಕಳು. ನಕ್ಕದ್ದು ಬಾಯಿ ಮಾತ್ರ. ಕತ್ತಿ ಕೆಳಗಿಟ್ಟಳು. “ಗೇಟಿನ ಹೊರಗೆ ಎಲ್ಲಿ ಕೂರುವುದು ಟೀಚರೇ? ಬಿಸಿಲು. ನೀರು ಎಲ್ಲಿ ಉಂಟು? ಕಟ್ ಮಾಡಿ ಕೊಡದಿದ್ದರೆ ನಿಮ್ಮ ಈ ಮ್ಯಾಡಮ್ಮಂದಿರು ಯಾರು ತೆಗೆದುಕೊಳ್ಳುತ್ತಾರೆ? ಬೂತಾಯಿಯ ತಲೆ ಯಾವುದು, ಬಾಲ ಯಾವುದು ಅಂತ ಗೊತ್ತುಂಟಾ ಅವರಿಗೆ?”

“ಸಂತೆಕಟ್ಟೆಯ ಮಾರ್ಕೆಟಿಗೆ ಹೋದರೆ?”

“ಅಲ್ಲಿ ಒಬ್ಬೊಬ್ಬರಿಗೆ ಅವರವರ ಜಾಗ ಉಂಟು. ನಾನು ಹೋಗಿ ಕೂತರೆ ಹೂ ಹಾಕಿ ಕರೆಯುತ್ತಾರಾ? ಬುಟ್ಟಿ ಹೊತ್ತು ಮನೆ ಮನೆ ತಿರುಗುವ ಕಾಲು ಇದಲ್ಲ ಈಗ. ಇದು ಹೋದರೆ ಮತ್ತೆ ಮಗಳ ಮನೆಯಲ್ಲಿ ಕೂತು ಅಳಿಯನ ಮುಖ ನೋಡುವುದು.” ಕತ್ತಿ ಮತ್ತೆ ಎತ್ತಿಕೊಂಡು, “ಮೀಟಿಂಗಿನಲ್ಲಿ ನೀವು ಇರುತ್ತೀರಲ್ಲ? ಭಾಷಣ ಎಲ್ಲ ಬೇಡ ಮಾರಾಯ್ರೆ. ಬಿಡಬೇಕು ಅಂತ ಒಂದು ಮಾತು ಹೇಳಿ ಸಾಕು,” ಎಂದಳು.

ನಾನು ಧೈರ್ಯದಿಂದಲೇ ಇದ್ದೆ. ನನ್ನ ರೀಡಿಂಗ್ ಸರ್ಕಲ್ ಇದೆಯಲ್ಲ! ಮೌನದ ಪಾಠ ಓದಿ ಎರಡು ದಿನವಾಗಿದೆಯಷ್ಟೆ. ಯಾರಿಗೂ ಫೋನ್ ಕೂಡ ಮಾಡಲಿಲ್ಲ. ಮಾಡಬೇಕೆಂದು ಹೊಳೆಯಲೇ ಇಲ್ಲ.

ಭಾನುವಾರ ಸಂಜೆ ಮೀಟಿಂಗ್ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಹಿಂದೆ ಮೇಜಿನ ಮೇಲೆ ಗೋಳಿಬಜೆ, ಚಟ್ನಿ, ಟೀ. ನಮ್ಮ ಮೀಟಿಂಗುಗಳ ಕ್ರಮ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಠರಾವು ಎಂದರೆ ಅದಕ್ಕೊಬ್ಬ ಸೂಚಕ, ಒಬ್ಬ ಅನುಮೋದಕ ಬೇಕು. ಅವರು ಯಾರು ಎಂದು ಹಿಂದಿನ ದಿನವೇ ಫೋನಿನಲ್ಲಿ ನಿಶ್ಚಯವಾಗುತ್ತದೆ. ಮದುವೆಗೆ ಕರೆದ ಹಾಗೆ ವಿನಯದಿಂದ ಕೇಳುತ್ತಾರೆ. “ನಾಳೆ ನೀವೊಂದು ಅನುಮೋದನೆ ಕೊಡಬೇಕು.” ಯಾವುದಕ್ಕೆ ಎಂದು ಕೇಳುವುದು ಮರ್ಯಾದೆಯಲ್ಲ. ಮೀಟಿಂಗಿನಲ್ಲಿ ಠರಾವು ಓದುತ್ತಾರೆ, ಸೂಚಕರು ಎದ್ದು ಕೂರುತ್ತಾರೆ, ಅನುಮೋದಕರು ಎದ್ದು ಕೂರುತ್ತಾರೆ, ಕೂಡಲೇ ಚಪ್ಪಾಳೆ. ಚಪ್ಪಾಳೆ ನಿಲ್ಲುವುದರೊಳಗೆ ‘ಸರ್ವಾನುಮತದಿಂದ’ ಎಂದು ಆಗಿಹೋಗಿರುತ್ತದೆ. ಬೇಡ ಎನ್ನುವವನಿಗೆ ಬಾಯಿ ತೆರೆಯಲು ಸಂದಿಯೇ ಇಲ್ಲ. ಜನರನ್ನು ಬೆದರಿಸಿ ಆಳುವ ರಾಜರ ಬಗ್ಗೆ ನಾನು ಎಷ್ಟೋ ವರ್ಷ ಪಾಠ ಮಾಡಿದೆ. ಗೋಳಿಬಜೆ ಕೊಟ್ಟು ಆಳುವುದನ್ನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ.

ಸೆಕ್ರೆಟರಿಯವರು ಠರಾವು ಓದಿದರು. ಸೂಚಕರು, ಮೇಲಿನ ಮಹಡಿಯ ರಿಟೈರ್ಡ್ ಇಂಜಿನಿಯರ್, ಎದ್ದರು, ಕೂತರು.

“ಅನುಮೋದಕರು...”

ನನ್ನ ಪಕ್ಕದ ಕುರ್ಚಿಯಿಂದ ಕಾರ್ಕಳದವಳು ಎದ್ದು ನಿಂತಳು. ಕಾಟನ್ ಸೀರೆಯ ನೆರಿಗೆ ಸರಿಮಾಡಿಕೊಂಡು, ಕೈಮುಗಿದು, ಕೂತಳು.

ಚಪ್ಪಾಳೆ ಆಗಲೇ ಶುರುವಾಗಿತ್ತು. ಹಿಂದಿನ ಸಾಲಿನಲ್ಲಿ ಬುಧವಾರದ ನಮ್ಮ ಇನ್ನಿಬ್ಬರು ಸಹ ತಟ್ಟುತ್ತಿದ್ದರು. ನನಗೆ ಬಂದ ಸಿಟ್ಟು, ದೇವರಾಣೆ, ಸೆಕ್ರೆಟರಿಯ ಮೇಲಲ್ಲ. ಅವರು ಆ ಪುಸ್ತಕ ಓದಿದವರಲ್ಲ, ನನಗೇನೂ ಮಾತು ಕೊಟ್ಟವರೂ ಅಲ್ಲ. ಪುಟವಿಡೀ ಸ್ಕೇಲಿಟ್ಟು ಗೆರೆ ಎಳೆದವಳ ಮೇಲೆ ಬಂತು. ಪುಸ್ತಕದಲ್ಲಿ ದೂರದ ರಾಜನೊಬ್ಬ ಇದ್ದರೆ ನಾವೆಲ್ಲ ಕ್ರಾಂತಿಕಾರಿಗಳು. ಲಿಫ್ಟಿನಲ್ಲಿ ದಿನಾ ಸಿಗುವ ಸೆಕ್ರೆಟರಿಯಾದರೆ ಬಾಯಿಗೆ ಬೀಗ. ಇದಕ್ಕೆ ನಾವು ಕಲ್ಚರ್ ಎಂದು ಹೆಸರಿಟ್ಟಿದ್ದೇವೆ.

ನಾನು ಎದ್ದೆ. “ಚಪ್ಪಾಳೆ ನಿಲ್ಲಿಸಿ. ನನಗೆ ಹೇಳಲಿಕ್ಕೆ ಉಂಟು.”

“ಟೀಚರೇ, ಎನಿ ಅದರ್ ಮ್ಯಾಟರ್ ಅಂತ ಲಾಸ್ಟಿಗೆ ಉಂಟಲ್ಲ, ಆಗ ಹೇಳಿ,” ಎಂದರು ಸೆಕ್ರೆಟರಿ.

“ಇದೇ ಮ್ಯಾಟರ್. ಹೊರಗಿನ ಮಾರಾಟಗಾರರು ಅಂದರೆ ಯಾರು? ಬಾಯಿ ಬಿಟ್ಟು ಹೇಳಿ.”

“ಪರ್ಸನಲ್ ಬೇಡ. ಜನರಲ್ ರೂಲ್ ಅದು.”

“ಒಬ್ಬಳಿಗೆ ಮಾತ್ರ ತಾಗುವ ಜನರಲ್ ರೂಲ್.”

ಹಿಂದಿನಿಂದ ಒಂದು ಗಂಡು ದನಿ, ಪಿಸುಮಾತಿಗಿಂತ ಸ್ವಲ್ಪ ದೊಡ್ಡದಾಗಿ, “ಟೀಚರಿಗೆ ಫೀಲ್ ಆಗುವುದು ಸಹಜ. ಅವರ ಕಡೆಯವಳಲ್ವಾ” ಎಂದಿತು. ನಾಲ್ಕು ಜನ ನಕ್ಕರು.

“ಹೌದು, ನನ್ನ ಕಡೆಯವಳೇ,” ಎಂದೆ. “ನನ್ನ ಅಜ್ಜಿಯೂ ಬುಟ್ಟಿ ಹೊತ್ತವಳು. ಅವಳು ಹೊತ್ತದ್ದರಿಂದ ನಾನು ಇಂಗ್ಲಿಷ್ ಕಲಿತದ್ದು. ನಿಮ್ಮ ಕಡೆಯವರು ಯಾರು ಅಂತ ನೀವೂ ಎದ್ದು ಹೇಳಿ, ಕೇಳುವ.”

ಯಾರೂ ಏಳಲಿಲ್ಲ. ಸೆಕ್ರೆಟರಿ ಕೈ ಹೊಸಕಿಕೊಂಡರು. “ನಾವೆಲ್ಲ ಒಂದು ಫ್ಯಾಮಿಲಿ ಇದ್ದ ಹಾಗೆ, ಟೀಚರೇ. ಇಷ್ಟರ ತನಕ ಇಲ್ಲಿ ಒಂದು ಓಟಿಂಗ್ ಅಂತ ಆಗಿಲ್ಲ.”

“ಇವತ್ತು ಆಗಲಿ. ಅವಳು ಬರಬಾರದು ಅನ್ನುವವರು ಕೈ ಎತ್ತಿ.”

ಎದ್ದದ್ದು ಬೆರಳೆಣಿಕೆಯ ಕೈಗಳು. ಸೆಕ್ರೆಟರಿಯವರ ಕೈ, ಇಂಜಿನಿಯರರ ಕೈ, ಇನ್ನು ಕೆಲವು. ಅಷ್ಟು ಹೊತ್ತು ಬಡಬಡ ತಟ್ಟಿದ ಕೈಗಳೆಲ್ಲ ಎಲ್ಲಿ ಹೋದವು? ಎಲ್ಲ ಮಡಿಲಿನಲ್ಲಿ. ಚಪ್ಪಾಳೆಯಾದರೆ ಯಾರದ್ದೆಂದು ಗೊತ್ತಾಗುವುದಿಲ್ಲ. ಎತ್ತಿದ ಕೈಯ ಕೆಳಗೆ ಒಂದು ಮುಖ ಇರುತ್ತದೆ.

“ಬರಬಹುದು ಅನ್ನುವವರು?” ಎಂದೆ. ಶಿರ್ವದವಳು ಎರಡೂ ಕೈ ಎತ್ತಿದಳು. ನನ್ನದೊಂದು. ಬಾಗಿಲ ಬಳಿ ಮತ್ತೊಂದು ಕೈ ಅರ್ಧ ಎದ್ದು, ತಲೆಕೂದಲು ಸರಿಮಾಡಿ ಇಳಿಯಿತು.

“ಆಯ್ತಲ್ಲ,” ಎಂದರು ಸೆಕ್ರೆಟರಿ. “ವಿರೋಧ ಇರುವುದು ಇಬ್ಬರದ್ದು. ಉಳಿದವರಿಗೆ ಒಪ್ಪಿಗೆ ಅಂತಲೇ ಅರ್ಥ. ಪಾಸ್.”

ಅಂಡರ್‌ಲೈನ್ ಹಾಕಿದ್ದ ಆ ಸಾಲುಗಳು ಸೆಕ್ರೆಟರಿಯವರ ಬಾಯಿಂದ, ಪ್ಲಾಸ್ಟಿಕ್ ಕುರ್ಚಿಗಳ ಮಧ್ಯದಲ್ಲಿ, ನನ್ನ ಕಿವಿಗೇ ಬಿದ್ದವು. ಸುಮ್ಮನಿದ್ದವರನ್ನೆಲ್ಲ ಒಟ್ಟು ಹಾಕಿ ಅವರು ತಮ್ಮ ಕಿಸೆಗೆ ಇಳಿಸಿದರು. ಇಷ್ಟು ಸುಲಭ! ನಾನು ಕಾರ್ಕಳದವಳ ಕಡೆ ತಿರುಗಿದೆ. ಬಾಯಿ ತೆರೆದಿದ್ದರೆ ಬೈಗುಳವೇ ಬರುತ್ತಿತ್ತು.

ಅವಳು ಎದ್ದಳು. ಈ ಸಲ ನೆರಿಗೆ ಸರಿಮಾಡಿಕೊಳ್ಳಲಿಲ್ಲ.

“ನನ್ನ ಅನುಮೋದನೆ ವಾಪಸ್ ತೆಗೆದುಕೊಳ್ಳುತ್ತೇನೆ,” ಎಂದಳು.

“ಎಂತ ಮ್ಯಾಡಮ್ ಇದು? ನಿನ್ನೆ ಆಯ್ತು ಅಂದಿದ್ದಿರಿ.”

“ನೀವು ಫೋನ್ ಮಾಡಿದಾಗ ಇಲ್ಲ ಅನ್ನಲಿಕ್ಕೆ ಸಂಕೋಚ ಆಯ್ತು. ಈಗ ಹೌದು ಅನ್ನಲಿಕ್ಕೆ ಸಂಕೋಚ ಆಗುತ್ತಾ ಉಂಟು. ಅನುಮೋದಕರಿಲ್ಲದೆ ಠರಾವು ನಿಲ್ಲುವುದಿಲ್ಲ ಅಲ್ವಾ? ಬ್ಯಾಂಕಿನಲ್ಲೂ ಹಾಗೆಯೇ ಇತ್ತು.”

ಸೆಕ್ರೆಟರಿ ಹಾಲಿನ ಸುತ್ತ ನೋಡಿದರು. “ಬೇರೆ ಯಾರಾದರೂ ಅನುಮೋದಿಸುತ್ತೀರಾ? ಫ್ಲಾಟ್ ನಂಬರ್ ಹೇಳಿ.” ಕೈ ಎತ್ತಿದ್ದವರು ಸಹ ಈಗ ನೆಲ ನೋಡಿದರು. ತಮ್ಮ ನಂಬರು ಹೇಳಿಕೊಂಡು, ಎದ್ದು ನಿಂತು, ಒಬ್ಬ ಹೆಂಗಸಿನ ಅನ್ನಕ್ಕೆ ಗೇಟು ಹಾಕುವ ಗುಂಡಿಗೆ ಯಾರಿಗೂ ಇರಲಿಲ್ಲ. ಕೊನೆಗೆ ಸೆಕ್ರೆಟರಿ, “ಸದ್ಯಕ್ಕೆ ಮುಂದೂಡುವ, ಮುಂದಿನ ಮೀಟಿಂಗಿಗೆ ತೆಗೆದುಕೊಳ್ಳುವ,” ಎಂದರು. ಅದಕ್ಕೂ ಚಪ್ಪಾಳೆ ಬಿತ್ತು. ನಾನು ಕಣ್ಣಾರೆ ಕಂಡೆ.

ಶಿರ್ವದವಳು ನನ್ನ ಬೆನ್ನು ತಟ್ಟಿ, “ಗೆದ್ದೆವು!” ಎಂದಳು. ನನಗೆ ಹಾಗೆ ಅನ್ನಿಸಲಿಲ್ಲ. ಮೀನಿನ ಅಕ್ಕನನ್ನು ಹೊರಗೆ ಹಾಕಲು ಹೊರಟಿದ್ದ ಮೌನವೇ ಅವಳನ್ನು ಉಳಿಸಿದ್ದೂ ಹೌದು. ಅದರಲ್ಲಿ ನ್ಯಾಯ ಎಲ್ಲಿ? ಧೈರ್ಯ ಎಲ್ಲಿ? ಗಾಳಿ ತಿರುಗಿತು, ಅಷ್ಟೆ. ನಾಳೆ ಗಟ್ಟಿ ಮುಖದ ಒಬ್ಬ ಅನುಮೋದಕ ಸಿಕ್ಕಿದರೆ ಮತ್ತೆ ಅದೇ ಕೈಗಳು ತಟ್ಟುತ್ತವೆ. ಪುಸ್ತಕ ಬರೆದ ಆ ಹಳಬರಿಗೆ ಇದು ಗೊತ್ತಿತ್ತು. ಒಳ್ಳೆಯ ಫಲಿತಾಂಶ ಬಂದ ಮಾತ್ರಕ್ಕೆ ಜನ ಒಳ್ಳೆಯ ಪ್ರಜೆಗಳಾದರು ಎಂದು ಅವರು ಮೋಸ ಹೋಗಲಿಲ್ಲ. ನಾನು ಪಾಠ ಮಾಡುವಾಗ ಆ ಭಾಗವನ್ನು ಬೇಗ ಬೇಗ ಮುಗಿಸುತ್ತಿದ್ದೆ. ಪರೀಕ್ಷೆಗೆ ಬರುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ನಲ್ಲಿಯ ಹತ್ತಿರ ಮಾಮೂಲಿ ಗುಂಪು. ಭಾನುವಾರ ಚಪ್ಪಾಳೆ ತಟ್ಟಿದವರೇ ಪಾತ್ರೆ ಹಿಡಿದು, “ಕಾಣೆ ಮೀನು ಉಂಟಾ ಅಕ್ಕ? ಸಣ್ಣ ಸಣ್ಣ ಪೀಸ್ ಮಾಡಿ ಆಯ್ತಾ?” ಎನ್ನುತ್ತಿದ್ದರು. ನಾನು ಅವಳಿಗೆ ಆದದ್ದನ್ನು ಹೇಳಿದೆ, ಮುಂದೂಡಿದ್ದು ಮಾತ್ರ ಎಂಬುದನ್ನೂ.

“ಮುಂದೂಡಿದ್ದಾ? ಮುಗಿದದ್ದಲ್ಲವಾ?” ಅವಳ ಮುಖ ಗಂಟಿಕ್ಕಿತು. “ಹಾಗಾದರೆ ನಾನು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಕೂತು, ಇವತ್ತು ಗೇಟು ತೆರೆಯುತ್ತದಾ ಇಲ್ಲವಾ ಅಂತ ಯೋಚನೆ ಮಾಡುವುದಾ? ಎಂತ ಟೀಚರೇ, ಇಷ್ಟೆಲ್ಲ ಓದಿದ್ದೀರಿ, ಸರಿಯಾಗಿ ಒಂದು ಮುಗಿಸಲಿಕ್ಕೆ ಆಗಲಿಲ್ಲವಾ?”

ಅವಳು ಸಿಟ್ಟಿನಲ್ಲಿ ಕತ್ತರಿಸಿದ ಮೀನು ಆ ದಿನ ಚಿಂದಿಯಾಗಿತ್ತು. ನಾನು ಅದನ್ನೇ ಪಾತ್ರೆಗೆ ಹಾಕಿಸಿಕೊಂಡು ಬಂದೆ.

ಬುಧವಾರ ಎಲ್ಲರೂ ಬಂದರು. ಕಾರ್ಕಳದವಳು ಪುಸ್ತಕ, ಪೆನ್ಸಿಲು, ಸ್ಕೇಲು ಮೇಜಿನ ಮೇಲೆ ಸಾಲಾಗಿ ಇಟ್ಟಳು. “ಎಲ್ಲಿ ನಿಲ್ಲಿಸಿದ್ದೆವು?” ಎಂದಳು, ನನ್ನ ಮುಖ ನೋಡದೆ.

“ಇವತ್ತು ಓದುವುದಿಲ್ಲ,” ಎಂದೆ. “ಸೆಕ್ರೆಟರಿಯವರು ಈಗಾಗಲೇ ಹೊಸ ಅನುಮೋದಕರನ್ನು ಹುಡುಕುತ್ತಿರುತ್ತಾರೆ. ಅವರ ಫೋನ್ ಹೋಗುವ ಮೊದಲು ನಾವು ಪ್ರತಿಯೊಂದು ಬಾಗಿಲು ಬಡಿಯುವ. ಹೌದು ಅನ್ನಲಿ, ಇಲ್ಲ ಅನ್ನಲಿ. ಆದರೆ ಬಾಯಿಬಿಟ್ಟು ಅನ್ನಲಿ.”

“ಟೀಚರೇ, ಜನ ಎಂತ ಹೇಳಿಯಾರು?” ಎಂದರು ಒಬ್ಬರು, ಭಾನುವಾರ ಹಿಂದಿನ ಸಾಲಿನಲ್ಲಿ ತಟ್ಟಿದವರು.

“ಅದನ್ನು ತಿಳಿಯಲಿಕ್ಕೇ ಹೋಗುವುದು,” ಎಂದಳು ಶಿರ್ವದವಳು, ಚಪ್ಪಲಿ ಮೆಟ್ಟುತ್ತಾ.

ಮೊದಲಿನ ಬಾಗಿಲು ಹೊಸದಾಗಿ ಬಂದ ದಂಪತಿಗಳದ್ದು. ಗಂಡ ಮಣಿಪಾಲದಲ್ಲಿ ಕೆಲಸಕ್ಕಿರುವವನು. ಹೆಂಡತಿ ಬಾಗಿಲು ತೆರೆದಳು. ನಾನು ನೇರವಾಗಿ ಕೇಳಿದೆ, “ಮೀನಿನವಳನ್ನು ಒಳಗೆ ಬಿಡಬಾರದು ಅಂತ ಅನುಮೋದಿಸಲು ನಿಮಗೆ ಫೋನ್ ಬಂದರೆ ಎಂತ ಹೇಳುತ್ತೀರಿ?” ಆಕೆ ಹಿಂದಕ್ಕೆ ತಿರುಗಿ ಒಳಗಿದ್ದ ಗಂಡನನ್ನು ನೋಡಿದಳು.

“ಅವರನ್ನು ಕೇಳಬೇಡಿ,” ಎಂದಳು ಕಾರ್ಕಳದವಳು, ನನಗಿಂತ ಮೊದಲು. “ನೀವು ಹೇಳಿ.”

ಆಕೆ ಬಾಗಿಲ ಚಿಲಕ ಬಿಟ್ಟು ಹೊಸ್ತಿಲಿಗೆ ಬಂದಳು. “ಮೊನ್ನೆ ನಾನೂ ಚಪ್ಪಾಳೆ ತಟ್ಟಿದೆ ಆಂಟಿ,” ಎಂದಳು. “ಯಾವುದಕ್ಕೆ ಅಂತ ಮನೆಗೆ ಬಂದ ಮೇಲೆ ಇವರನ್ನು ಕೇಳಿದ್ದು. ಬೇಡ, ನಾನು ಅನುಮೋದಿಸುವುದಿಲ್ಲ. ಫೋನ್ ಬಂದರೆ ಹಾಗೆಯೇ ಹೇಳುತ್ತೇನೆ.”

“ಜೋರಾಗಿ ಹೇಳಿ,” ಎಂದೆ ನಾನು. ಎದುರಿನ ಫ್ಲಾಟಿನ ಬಾಗಿಲು ಆಗಲೇ ಸ್ವಲ್ಪ ತೆರೆದಿತ್ತು.